ಚೈನ್ ಪದೇ ಪದೇ ಲೂಸ್ ಆಗುತ್ತಿದೆಯೇ? ಚೈನ್ ಸೆಟ್ ಬದಲಿಸುವ ಮೊದಲು ನಟ್ ನೋಡಿ

ಹೋದ ವಾರ ತಾನೇ ಬೈಕಿನ ಚೈನ್ ಟೈಟ್ ಮಾಡಿಸಿದ್ದು, ಈ ವಾರ ಮತ್ತೆ ಕವರ್‌ಗೆ ಬಡಿಯುವ ಸದ್ದು. ಗ್ಯಾರೇಜಿಗೆ ಹೋದರೆ ಮೊದಲ ಮಾತೇ 'ಚೈನ್ ಸೆಟ್ ಹೋಗಿದೆ, ಹೊಸದು ಹಾಕಿಬಿಡೋಣ' ಅಂತ. ಸೆಟ್ ಅಂದರೆ ಚೈನ್, ಜೊತೆಗೆ ಅದು ಸುತ್ತುವ ಎರಡು ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್. ಕೆಲವೊಮ್ಮೆ ಅದು ನಿಜವೇ. ಆದರೆ ಎಷ್ಟೋ ಗಾಡಿಗಳಲ್ಲಿ ಚೈನ್ ಚೆನ್ನಾಗಿಯೇ ಇರುತ್ತದೆ, ಜಾಗ ಬಿಟ್ಟಿರುವುದು ಹಿಂದಿನ ಚಕ್ರ. ಚಕ್ರದ ನಡುವೆ ಹೋಗುವ ಸರಳನ್ನು, ಅಂದರೆ ಆಕ್ಸಲನ್ನು, ಬಿಗಿಯುವ ಆಕ್ಸಲ್ ನಟ್ ಗಟ್ಟಿಯಾಗಿ ಹಿಡಿದಿಲ್ಲ. ಎಂಜಿನ್ ಎಳೆತಕ್ಕೆ ಚಕ್ರ ಚೂರು ಚೂರೇ ಮುಂದೆ ಬರುತ್ತದೆ, ಚೈನ್ ಜೋಲುತ್ತದೆ. ಅಂಥ ಗಾಡಿಗೆ ಹೊಸ ಚೈನ್ ಸೆಟ್ ಹಾಕಿದರೂ ಸ್ವಲ್ಪ ದಿನಕ್ಕೆ ಅದೇ ಕಥೆ.

ಹಾಗಾಗಿ ಮೊದಲ ಪ್ರಶ್ನೆ ಒಂದೇ: ಚೈನ್ ಉದ್ದವಾಗಿದೆಯೋ, ಚಕ್ರ ಜರುಗಿದೆಯೋ? ಇದಕ್ಕೆ ಉತ್ತರ ಸಿಗದೆ ಸ್ಪ್ಯಾನರ್ ಹಿಡಿಯುವುದು ಬೇಡ.

ನಮ್ಮ ರಸ್ತೆಗಳಲ್ಲಿ ಜಾಸ್ತಿ ಕಾಣುವ ಗಾಡಿಗಳನ್ನೇ ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಸ್ಪ್ಲೆಂಡರ್‌ನಂಥ ಹಿಂದೆ ಡ್ರಮ್ ಬ್ರೇಕ್ ಇರುವ 100ರಿಂದ 150 ಸಿಸಿ ಗಾಡಿಗಳು, ಜೊತೆಗೆ ಅಲ್ಲಲ್ಲಿ ಬುಲೆಟ್. ಡಿಸ್ಕ್ ಬ್ರೇಕ್ ಗಾಡಿಗಳಿಗೂ ಬಹುಪಾಲು ಇದೇ ಸಾಲುತ್ತದೆ, ಪೆಡಲ್‌ನಿಂದ ಡ್ರಮ್ಮಿಗೆ ಹೋಗುವ ಬ್ರೇಕ್ ರಾಡ್ ವಿಷಯವೊಂದನ್ನು ಬಿಟ್ಟು.

ಮೊದಲು ಗುರುತು ಹಾಕಿ

ಬೇಕಾಗಿರುವುದು ಒಂದು ಪೇಂಟ್ ಮಾರ್ಕರ್. ಇಲ್ಲದಿದ್ದರೆ ಮನೆಯಲ್ಲಿರುವ ನೇಲ್ ಪಾಲಿಶ್ ಕೂಡ ನಡೆಯುತ್ತದೆ. ಆಕ್ಸಲ್ ನಟ್ ಮತ್ತು ಅದರ ಸುತ್ತಲಿನ ಜಾಗವನ್ನು ಬಟ್ಟೆಯಿಂದ ಒರೆಸಿ. ನಟ್‌ನಿಂದ ಶುರುವಾಗಿ ವಾಷರ್ ದಾಟಿ, ಹಿಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಸ್ವಿಂಗ್ ಆರ್ಮ್ ತನಕ ಒಂದೇ ನೇರ ಗೆರೆ ಎಳೆಯಿರಿ. ಚಕ್ರವನ್ನು ಹಿಂದೆ ಮುಂದೆ ಸರಿಸಲು ಎರಡೂ ಬದಿ ಇರುವ ಅಡ್ಜಸ್ಟರ್‌ನ ನಟ್, ಅದರ ಲಾಕ್ ನಟ್ ಮೇಲೂ ಹೀಗೇ ಮಾಡಿ. ಅಡ್ಜಸ್ಟರ್ ಪಟ್ಟಿ ಸ್ವಿಂಗ್ ಆರ್ಮ್ ಮೇಲೆ ಎಲ್ಲಿ ಕೂತಿದೆ ಅನ್ನುವುದಕ್ಕೂ ಒಂದು ಗೆರೆ ಇರಲಿ. ಚೈನ್ ಎಷ್ಟು ಆಡುತ್ತಿದೆ ಎಂದು ಅಳೆದು ಬರೆದಿಡಿ. ಆಮೇಲೆ ನೂರಿನ್ನೂರು ಕಿಲೋಮೀಟರ್ ಎಂದಿನಂತೆ ಓಡಿಸಿ ಬಂದು ನೋಡಿ.

ಗೆರೆಗಳೆಲ್ಲ ಹಾಗೇ ಇದ್ದು ಚೈನ್ ಮಾತ್ರ ಜೋತಿದ್ದರೆ ತಪ್ಪು ಚೈನ್ ಅಥವಾ ಸ್ಪ್ರಾಕೆಟ್‌ನದು. ಗೆರೆ ಮುರಿದಿದ್ದರೆ, ಅಂದರೆ ನಟ್ ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ಹೊಂದಾಣಿಕೆ ತಪ್ಪಿದ್ದರೆ, ನಟ್ ತಿರುಗಿದೆ. ನಟ್ ತಿರುಗದೆ ಅಡ್ಜಸ್ಟರ್ ಪಟ್ಟಿಯ ಗೆರೆ ಮಾತ್ರ ಸರಿದಿದ್ದರೆ, ನಟ್ ಇದ್ದಲ್ಲೇ ಇದ್ದರೂ ಅದರ ಹಿಡಿತ ಸಾಲದೆ ಆಕ್ಸಲ್ ಜಾರಿದೆ ಎಂದರ್ಥ. ಈ ಮೂರನೆಯದನ್ನು ಗುರುತಿಲ್ಲದೆ ಕಂಡುಹಿಡಿಯುವುದು ಕಷ್ಟ. ನಟ್ ಮುಟ್ಟಿ ನೋಡಿದರೆ ಟೈಟಾಗಿಯೇ ಇರುತ್ತದಲ್ಲ!

ಅಳತೆಯೇ ತಪ್ಪಿದ್ದರೆ?

ಎಷ್ಟೋ ಜನ ಚೈನನ್ನು ಬೆರಳಲ್ಲಿ ಎತ್ತಿ 'ಸರಿ ಇದೆ' ಎಂದುಬಿಡುತ್ತಾರೆ. ಸ್ಕೇಲ್ ಇಟ್ಟು ನೋಡಿ. ಎರಡು ಸ್ಪ್ರಾಕೆಟ್‌ಗಳ ನಡುಮಧ್ಯದಲ್ಲಿ, ಕೆಳಗಿನ ಸಾಲಿನ ಚೈನನ್ನು ಬೆರಳಿನಿಂದ ಪೂರ್ತಿ ಕೆಳಗೆ ಒತ್ತಿ ಒಂದು ಅಳತೆ, ಪೂರ್ತಿ ಮೇಲೆತ್ತಿ ಇನ್ನೊಂದು. ಎರಡರ ವ್ಯತ್ಯಾಸವೇ ಚೈನಿನ ಆಟ. ಪೂರ್ತಿ ಮುಚ್ಚಿದ ಕವರ್ ಇರುವ ಗಾಡಿಯಲ್ಲಿ ಕೆಳಗಡೆ ರಬ್ಬರ್ ಮುಚ್ಚಳ ಇರುತ್ತದೆ, ಅದನ್ನು ಕಿತ್ತರೆ ಬೆರಳು ಹೋಗುತ್ತದೆ.

ಎಷ್ಟಿರಬೇಕು? ಸಣ್ಣ ಗಾಡಿಗಳಿಗೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಸುತ್ತಮುತ್ತ. ಉದ್ದ ಸಸ್ಪೆನ್ಷನ್ ಇರುವ ಅಡ್ವೆಂಚರ್ ಬಗೆಯ ಗಾಡಿಗಳಿಗೆ ಇನ್ನೂ ಜಾಸ್ತಿ ಬೇಕು. ನಿಮ್ಮ ಗಾಡಿಯ ಅಂಕಿ ಮಾಲೀಕರ ಕೈಪಿಡಿಯಲ್ಲಿ ಇದ್ದೇ ಇರುತ್ತದೆ, ಕೆಲವದರಲ್ಲಿ ಸ್ವಿಂಗ್ ಆರ್ಮ್ ಮೇಲೆ ಸ್ಟಿಕ್ಕರ್ ಕೂಡ ಅಂಟಿಸಿರುತ್ತಾರೆ. ಅಳೆಯುವಾಗ ಡಬಲ್ ಸ್ಟ್ಯಾಂಡ್ ಹಾಕಬೇಕೋ ಸೈಡ್ ಸ್ಟ್ಯಾಂಡ್ ಸಾಕೋ ಎಂಬುದನ್ನೂ ಅಲ್ಲೇ ನೋಡಿ. ಸ್ಟ್ಯಾಂಡ್ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಈ ಆಟ ಯಾಕೆ ಬೇಕು ಎಂದು ತಿಳಿದಿರಲಿ. ಸ್ವಿಂಗ್ ಆರ್ಮ್ ತಿರುಗುವ ಪಿನ್ ಇರುವುದು ಮುಂದಿನ ಸ್ಪ್ರಾಕೆಟ್‌ಗಿಂತ ಸ್ವಲ್ಪ ಹಿಂದೆ. ಹಾಗಾಗಿ ಚಕ್ರ ಮೇಲೆ ಕೆಳಗೆ ಆಡುವಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಒಂದೇ ಸಮ ಇರುವುದಿಲ್ಲ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿನ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಆ ದೂರ ಅತಿ ಜಾಸ್ತಿ, ಚೈನ್ ಅತಿ ಟೈಟ್. ಹಿಂದೆ ಇಬ್ಬರು ಕೂತು ಹಂಪ್ ಹಾರಿಸಿದಾಗ, ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೊರಟಾಗ ಗಾಡಿ ಈ ಸ್ಥಿತಿಗೆ ಹತ್ತಿರ ಬರುತ್ತದೆ. ಸ್ಟ್ಯಾಂಡ್ ಮೇಲೆ ತಂತಿಯ ಹಾಗೆ ಬಿಗಿದ ಚೈನಿಗೆ ಆಗ ಬಿಟ್ಟುಕೊಡಲು ಜಾಗವೇ ಇರುವುದಿಲ್ಲ. ಎಳೆತವೆಲ್ಲ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್ ಮೇಲೆ, ಆಯಿಲ್ ಸೀಲ್ ಮೇಲೆ. ಅನುಮಾನ ಬಂದರೆ ಹೆಚ್ಚು ತೂಕದ ಒಬ್ಬರನ್ನು ಸೀಟಿನ ಮೇಲೆ ಕೂರಿಸಿ ಚೈನ್ ಮುಟ್ಟಿ ನೋಡಿ. ಆಗಲೂ ಸ್ವಲ್ಪ ಆಡಲೇಬೇಕು.

ಇನ್ನೊಂದು ಮಾತು. ಒಂದೇ ಕಡೆ ಅಳೆದು ಬಿಡಬೇಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ಆಫ್ ಇರಲಿ. ಚಕ್ರವನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ. ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ಚಕ್ರ ತಿರುಗಲು ಬಿಟ್ಟು ಚೈನ್ ಹತ್ತಿರ ಬಟ್ಟೆ, ಬೆರಳು ಒಯ್ಯುವ ಅಭ್ಯಾಸ ಕೆಲವರಿಗಿದೆ. ಬಟ್ಟೆ ಸಿಕ್ಕಿಕೊಂಡರೆ ಬೆರಳೂ ಅದರ ಜೊತೆಗೇ ಸ್ಪ್ರಾಕೆಟ್ ಒಳಗೆ ಹೋಗುತ್ತದೆ. ಬೆರಳು ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಒಂದು ಕಡೆ 20, ಇನ್ನೊಂದು ಕಡೆ 35 ಬಂದರೆ ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿಲ್ಲ, ಅಥವಾ ಸ್ಪ್ರಾಕೆಟ್ ನಡು ತಪ್ಪಿದೆ. ಇದನ್ನು ಅಡ್ಜಸ್ಟ್ ಮಾಡಿ ಸರಿಪಡಿಸಲು ಆಗುವುದಿಲ್ಲ. ಅತಿ ಟೈಟ್ ಇರುವ ಜಾಗದಲ್ಲೇ ಅಳತೆ ಸರಿ ಮಾಡಿ ಸದ್ಯಕ್ಕೆ ಓಡಿಸಬಹುದು. ಲೂಸ್ ಇರುವ ಕಡೆ ನೋಡಿ ಟೈಟ್ ಮಾಡಿದರೆ ಟೈಟ್ ಇರುವ ಕಡೆ ಚೈನ್ ಬಿಗಿದು ಬೇರಿಂಗ್ ತಿನ್ನುತ್ತದೆ.

ಗುರುತು ಹಾಗೇ ಇದೆ, ಚೈನ್ ಮಾತ್ರ ಜೋತಿದೆ

ಹೊಸ ಚೈನ್ ಹಾಕಿದ ಮೊದಲ ಕೆಲವು ನೂರು ಕಿಲೋಮೀಟರ್‌ನಲ್ಲಿ ಸ್ವಲ್ಪ ಸಡಿಲವಾಗುವುದು ಸಹಜ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಒಮ್ಮೆ ಸರಿ ಮಾಡಿದರೆ ಆಯಿತು. ಹಳೆ ಚೈನ್ ಆದರೆ ಅಳೆದು ನೋಡಿ.

ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು 428 ಚೈನ್. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ., ಅಂದರೆ ಸರಿಯಾಗಿ ಅರ್ಧ ಇಂಚು. ಚೈನನ್ನು ಎಳೆದು ಹಿಡಿದು 21 ಪಿನ್ ಎಣಿಸಿ. ಮೊದಲ ಪಿನ್ನಿನ ನಡುವಿನಿಂದ ಇಪ್ಪತ್ತೊಂದನೆಯದರ ನಡುವಿಗೆ 20 ಕೊಂಡಿ. ಹೊಸ ಚೈನಿನಲ್ಲಿ ಇದು 254 ಮಿ.ಮೀ. ಇರುತ್ತದೆ. 259 ಆಸುಪಾಸು ಬಂದಿದ್ದರೆ ಚೈನ್ ಶೇಕಡ 2ರಷ್ಟು ಉದ್ದವಾಗಿದೆ, ಅದರ ಆಯುಸ್ಸು ಮುಗಿಯಿತು. 520 ಚೈನ್ ಇದ್ದರೆ ಒಂದು ಕೊಂಡಿ 15.875 ಮಿ.ಮೀ., 20ಕ್ಕೆ 317.5.

ಶೇಕಡ 2 ಅಂದರೆ ಕಡಿಮೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 110 ಕೊಂಡಿಯ 428 ಚೈನಿನ ಉದ್ದ ಸುಮಾರು 1400 ಮಿ.ಮೀ. ಶೇಕಡ 2 ಬೆಳೆದರೆ 28 ಮಿ.ಮೀ. ಜಾಸ್ತಿ. ಅದನ್ನು ಎಳೆದು ಸರಿ ಮಾಡಲು ಆಕ್ಸಲ್ 14 ಮಿ.ಮೀ. ಹಿಂದೆ ಹೋಗಬೇಕು. ಅಡ್ಜಸ್ಟರ್ ಹೆಚ್ಚು ಕಡಿಮೆ ಕೊನೆಗೆ ಬಂದಿದೆ ಅಂತಾದರೆ ಇದೇ ಕಾರಣ. ಉಕ್ಕಿನ ಪಟ್ಟಿಗಳು ಹಿಗ್ಗಿ ಚೈನ್ ಉದ್ದವಾಗುವುದಲ್ಲ. ಪ್ರತಿ ಪಿನ್ ಮತ್ತು ಅದರ ಸುತ್ತಲಿನ ಬುಷ್ ನಡುವೆ ಸವೆದ ಚೂರು ಚೂರು ಸೇರಿ ಇಷ್ಟಾಗುವುದು. ಮಳೆಗಾಲದಲ್ಲಿ ಮಲೆನಾಡಿನ ಕೆಮ್ಮಣ್ಣಿನ ಕೆಸರು ಮೆತ್ತಿಕೊಂಡು ಓಡುವ ಚೈನ್ ಬೇಗ ಹೋಗುವುದು ಇದಕ್ಕೇ. ಕೆಸರು ಎಣ್ಣೆಯ ಜೊತೆ ಸೇರಿ ಸಾಣೆ ಹಿಡಿಯುತ್ತದೆ.

ಸ್ಕೇಲ್ ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್‌ನ ತೀರ ಹಿಂಬದಿಯಲ್ಲಿ ಚೈನ್ ಹಿಡಿದು ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧದಷ್ಟು ಕಣ್ಣಿಗೆ ಬಿದ್ದರೆ ಸೆಟ್ ಬದಲಿಸುವ ಕಾಲ ಬಂದಿದೆ. ಹಲ್ಲುಗಳು ಒಂದೇ ದಿಕ್ಕಿಗೆ ಕೊಕ್ಕೆಯ ಹಾಗೆ ಬಾಗಿದ್ದರೂ ಅಷ್ಟೇ. ಬದಲಿಸುವಾಗ ಚೈನ್, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ ಬದಲಿಸಿ. ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿ ಉಳಿಸಿದ ದುಡ್ಡು ಬೇಗನೆ ಕೈಬಿಟ್ಟು ಹೋಗುತ್ತದೆ.

ಗುರುತು ಮುರಿದಿದೆ: ನಟ್ ಯಾಕೆ ಬಿಚ್ಚಿಕೊಳ್ಳುತ್ತದೆ

'ವೈಬ್ರೇಶನ್‌ಗೆ ಲೂಸ್ ಆಗುತ್ತೆ' ಎನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ಅದು ಅರ್ಧ ಸತ್ಯ. ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಬೋಲ್ಟಿನ ಉದ್ದಕ್ಕೆ ಬರುವ ಅದುರಾಟಕ್ಕಿಂತ ಅಡ್ಡಡ್ಡ ಬರುವ ಜಾರಾಟವೇ ನಟ್ಟನ್ನು ಬಿಚ್ಚಿಸುವ ದೊಡ್ಡ ಕಾರಣ. ನಟ್ ಹಿಡಿದಿಟ್ಟ ಎರಡು ಮುಖಗಳು ಒಂದರ ಮೇಲೊಂದು ಜಾರಿದ ಕ್ಷಣ ಥ್ರೆಡ್ ನಡುವಿನ ಉಜ್ಜು ಹಿಡಿತ ಹೋಗುತ್ತದೆ. ಆಗ ನಟ್ ತಾನಾಗಿಯೇ ಇಳಿಜಾರಿನ ಕಡೆ ಸುತ್ತಿಕೊಳ್ಳುತ್ತದೆ. ಇವತ್ತಿಗೂ ನಟ್ ಲಾಕ್‌ಗಳನ್ನು ಪರೀಕ್ಷಿಸುವ ಯಂತ್ರಕ್ಕೆ ಅವರದೇ ಹೆಸರು.

ಅಂದಮೇಲೆ ಮುಖ್ಯ ಮದ್ದು ಲಾಕ್ ಅಲ್ಲ, ಅದುಮುವ ಬಲ. ಮುಖಗಳು ಜಾರದಷ್ಟು ಗಟ್ಟಿಯಾಗಿ ಅದುಮಿದ್ದರೆ ನಟ್ ಬಿಚ್ಚುವ ಮಾತೇ ಇಲ್ಲ. ಆಕ್ಸಲ್ ವಿಷಯದಲ್ಲಿ ಇದು ಇನ್ನೂ ನಿಜ. ಅಡ್ಜಸ್ಟರ್ ಇರುವುದು ಚಕ್ರವನ್ನು ಸರಿಯಾದ ಜಾಗಕ್ಕೆ ತರಲು. ಆ ಜಾಗದಲ್ಲಿ ಹಿಡಿದಿಡುವುದು ಆಕ್ಸಲ್ ನಟ್‌ನ ಕೆಲಸ. ನಟ್ ಸಡಿಲವಿದ್ದರೆ ಎಂಜಿನ್ ಎಳೆತವೆಲ್ಲ ಆ ಸಣ್ಣ ಅಡ್ಜಸ್ಟರ್ ಮೇಲೆ ಬೀಳುತ್ತದೆ. ಪಟ್ಟಿ ಬಾಗುತ್ತದೆ, ಅದರ ನಟ್ ತಿರುಗುತ್ತದೆ, ಚೈನ್ ಇರುವ ಬದಿ ಮುಂದೆ ಬಂದು ಚಕ್ರ ಓರೆಯಾಗುತ್ತದೆ.

ಅದುಮುವ ಬಲ ಯಾಕೆ ಸಾಲುವುದಿಲ್ಲ? ಮೊದಲ ಕಾರಣ ಚಿಕ್ಕ ಸ್ಪ್ಯಾನರ್. ಒಂದು ಲೆಕ್ಕ ಹೇಳುತ್ತೇನೆ. ಆಕ್ಸಲ್ ನಟ್‌ಗೆ 70 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕು ಎಂದುಕೊಳ್ಳಿ. ನಿಮ್ಮ ಗಾಡಿಯ ನಿಜವಾದ ಅಂಕಿಯನ್ನು ಕೈಪಿಡಿಯಲ್ಲಿ ನೋಡಿ. 25 ಸೆಂ.ಮೀ. ಉದ್ದದ ರಿಂಗ್ ಸ್ಪ್ಯಾನರ್ ತುದಿಯಲ್ಲಿ ಸುಮಾರು 28 ಕಿಲೋ ತೂಕ ಹಾಕಿದರೆ ಅಷ್ಟು ಬರುತ್ತದೆ. ಗಾಡಿ ಜೊತೆ ಬರುವ 12–13 ಸೆಂ.ಮೀ. ಸ್ಪ್ಯಾನರ್‌ನಲ್ಲಿ ಅದೇ ಬಲಕ್ಕೆ 55 ಕಿಲೋಗಿಂತ ಜಾಸ್ತಿ ಬೇಕು. ಕೈ ನೋವಾಗುವ ತನಕ ತಿರುಗಿಸಿ 'ಫುಲ್ ಟೈಟ್' ಅಂದುಕೊಂಡದ್ದು ಬೇಕಾದ್ದರ ಅರ್ಧವೂ ಇರುವುದಿಲ್ಲ. ಹಾಗಂತ ಸ್ಪ್ಯಾನರ್‌ಗೆ ಮಾರುದ್ದ ಪೈಪ್ ಸಿಕ್ಕಿಸಿ ಮೇಲೆ ನಿಲ್ಲುವುದೂ ಬೇಡ, ಥ್ರೆಡ್ ಹರಿದುಹೋಗುತ್ತದೆ. ಈ ಬಲವನ್ನು ಅಳೆದು ಬಿಗಿಯುವ ಟಾರ್ಕ್ ರೆಂಚ್ ಒಂದನ್ನು ಕೊಂಡರೆ ಬೇರೆ ಎಷ್ಟೋ ಕೆಲಸಕ್ಕೂ ಆಗುತ್ತದೆ. ಈ ಒಂದು ಸಾಧನದ ವಿಷಯದಲ್ಲಿ ಜಿಪುಣತನ ಬೇಡ ಎನ್ನುವವನು ನಾನು.

ಎರಡನೆಯದು ತುಕ್ಕು. ನಟ್ ತಿರುಗಿಸಲು ನೀವು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಅದುಮಲು ಹೋಗುತ್ತದೆ, ಉಳಿದದ್ದೆಲ್ಲ ಉಜ್ಜಾಟಕ್ಕೇ ಖರ್ಚು. ಥ್ರೆಡ್‌ನಲ್ಲಿ ತುಕ್ಕು, ಮಣ್ಣು ಸೇರಿದರೆ ಆ ಹತ್ತನೇ ಒಂದು ಪಾಲೂ ಉಳಿಯುವುದಿಲ್ಲ. ಸ್ಪ್ಯಾನರ್ ಬಿಗಿಯಾಗಿ ನಿಲ್ಲುತ್ತದೆ, ಒಳಗೆ ಹಿಡಿತ ಇರುವುದಿಲ್ಲ. ಆಕ್ಸಲ್ ಹೊರತೆಗೆದಾಗಲೆಲ್ಲ ಥ್ರೆಡ್ಡನ್ನು ತಂತಿ ಬ್ರಷ್‌ನಿಂದ ಉಜ್ಜಿ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಆಕ್ಸಲ್‌ನ ನಡುಭಾಗಕ್ಕೆ ತೆಳ್ಳಗೆ ಗ್ರೀಸ್ ಹಚ್ಚಿ. ಥ್ರೆಡ್‌ಗೆ ಬೇಡ. ಕೈಪಿಡಿಯ ಟಾರ್ಕ್ ಅಂಕಿ ಸಾಮಾನ್ಯವಾಗಿ ಒಣ ಥ್ರೆಡ್‌ಗೆ ಕೊಟ್ಟದ್ದು. ಗ್ರೀಸ್ ಮೆತ್ತಿದರೆ ಅದೇ ಅಂಕಿಗೆ ಬೋಲ್ಟ್ ಮೇಲೆ ಎಳೆತ ಜಾಸ್ತಿ ಬೀಳುತ್ತದೆ.

ಮೂರನೆಯದು ನಡುವೆ ಸಿಕ್ಕಿಕೊಂಡ ಮೆತ್ತನೆಯ ವಸ್ತು. ಸ್ವಿಂಗ್ ಆರ್ಮ್‌ಗೆ ಹೊಸದಾಗಿ ಪೇಂಟ್ ಹೊಡೆಸಿದ ಗಾಡಿಗಳಲ್ಲಿ ಇದು ಖಾಯಂ. ಆಕ್ಸಲ್ ಕೂರುವ ಜಾಗದಲ್ಲೂ ದಪ್ಪ ಪೇಂಟ್ ಇರುತ್ತದೆ. ನಟ್ ಬಿಗಿದ ಮೇಲೆ ಓಡಾಟಕ್ಕೆ ಪೇಂಟ್ ನಿಧಾನವಾಗಿ ಚಪ್ಪಟೆಯಾಗುತ್ತದೆ, ಅಷ್ಟರ ಮಟ್ಟಿಗೆ ಹಿಡಿತ ಹೋಗುತ್ತದೆ. ನಟ್ ಒಂದಿಷ್ಟೂ ತಿರುಗದೆ ಲೂಸ್ ಆಗುವುದು ಹೀಗೆ. ಆ ಜಾಗದ ಪೇಂಟ್ ಕೆರೆದು ತೆಗೆಯಿರಿ. ದಪ್ಪ ವಾಷರ್ ಕಳೆದುಹೋಗಿ ಅದರ ಬದಲು ತಗಡಿನಂಥದ್ದು ಹಾಕಿದ್ದಾರೆಯೇ ಎಂದೂ ನೋಡಿ.

ನಾಲ್ಕನೆಯದು ನಮ್ಮ ಡ್ರಮ್ ಬ್ರೇಕ್ ಗಾಡಿಗಳದೇ ವಿಶೇಷ. ಸ್ಪ್ಲೆಂಡರ್‌ನಂಥ ಅನೇಕ ಗಾಡಿಗಳಲ್ಲಿ ಸ್ಪ್ರಾಕೆಟ್ ಬದಿಯಲ್ಲಿ ಆಕ್ಸಲ್ ನಟ್ ಅಲ್ಲದೆ ದೊಡ್ಡದೊಂದು ಸ್ಲೀವ್ ನಟ್ ಇರುತ್ತದೆ. ಸ್ಪ್ರಾಕೆಟ್ ಕೂತ ಭಾಗವನ್ನು ಸ್ವಿಂಗ್ ಆರ್ಮ್‌ಗೆ ಹಿಡಿಯುವುದು ಅದು. ಅದಿರುವುದರಿಂದಲೇ ಪಂಕ್ಚರ್ ಅಂಗಡಿಯಲ್ಲಿ ಚೈನ್ ಮುಟ್ಟದೆ ಚಕ್ರ ಬಿಚ್ಚಲು ಆಗುವುದು. ಅವಸರದಲ್ಲಿ ಎಷ್ಟೋ ಮಂದಿ ಇದನ್ನು ಮರೆಯುತ್ತಾರೆ. ಸಡಿಲಿಸದೆ ಅಡ್ಜಸ್ಟರ್ ತಿರುಗಿಸಿದರೆ ಪಟ್ಟಿ ಬಾಗುತ್ತದೆ, ಚಕ್ರ ಒಂದೇ ಬದಿ ಹಿಂದೆ ಹೋಗುತ್ತದೆ. ಸಡಿಲಿಸಿ ಮತ್ತೆ ಬಿಗಿಯದೆ ಬಿಟ್ಟರಂತೂ ಆಕ್ಸಲ್ ನಟ್ ಎಷ್ಟೇ ಟೈಟ್ ಇದ್ದರೂ ಸ್ಪ್ರಾಕೆಟ್ ಬದಿ ಜಾರುತ್ತಲೇ ಇರುತ್ತದೆ. ಪದೇ ಪದೇ ಲೂಸ್ ಆಗುವ ಸ್ಪ್ಲೆಂಡರ್ ಕಂಡರೆ ನಾನು ಮೊದಲು ಕೈ ಹಾಕುವುದು ಇದಕ್ಕೇ.

ಸರಿ ಮಾಡುವ ಕ್ರಮ

ಡಬಲ್ ಸ್ಟ್ಯಾಂಡ್ ಹಾಕಿ, ಅತಿ ಟೈಟ್ ಇರುವ ಜಾಗ ಕೆಳಗಿನ ಸಾಲಿನ ನಡುವೆ ಬರುವಂತೆ ಚಕ್ರ ತಿರುಗಿಸಿ. ಆಕ್ಸಲ್ ನಟ್, ಸ್ಲೀವ್ ನಟ್ ಎರಡನ್ನೂ ಸಡಿಲಿಸಿ. ಪೂರ್ತಿ ಬಿಚ್ಚುವುದು ಬೇಡ. ಬ್ರೇಕ್ ಪ್ಲೇಟ್‌ನಿಂದ ಸ್ವಿಂಗ್ ಆರ್ಮ್‌ಗೆ ಹೋಗುವ ಟಾರ್ಕ್ ಆರ್ಮ್ ಎಂಬ ಸರಳಿನ ನಟ್ ಕೂಡ ಸ್ವಲ್ಪ ಸಡಿಲವಾಗಲಿ, ಇಲ್ಲದಿದ್ದರೆ ಚಕ್ರ ಹಿಂದೆ ಹೋಗುವಾಗ ಅದು ಅಡ್ಡ ಬರಬಹುದು. ಬ್ರೇಕ್ ರಾಡಿನ ನಟ್ಟನ್ನು ಒಂದೆರಡು ಸುತ್ತು ಬಿಡಿ.

ಅಡ್ಜಸ್ಟರ್‌ಗಳ ಲಾಕ್ ನಟ್ ಬಿಚ್ಚಿ ಎರಡೂ ಬದಿ ಕಾಲು ಕಾಲು ಸುತ್ತು, ಒಂದೇ ಲೆಕ್ಕದಲ್ಲಿ ತಿರುಗಿಸಿ. 8 ಮಿ.ಮೀ. ಥ್ರೆಡ್ ಆದರೆ ಸಾಮಾನ್ಯವಾಗಿ ಒಂದು ಪೂರ್ತಿ ಸುತ್ತಿಗೆ 1.25 ಮಿ.ಮೀ. ಸರಿಯುತ್ತದೆ. ಆಕ್ಸಲ್ ಸ್ವಲ್ಪ ಸರಿದರೂ ಚೈನಿನ ಆಟ ಅದಕ್ಕಿಂತ ತುಂಬಾ ಜಾಸ್ತಿ ಬದಲಾಗುವುದರಿಂದ ಅವಸರ ಬೇಡ. ಹಳೆ ಬುಲೆಟ್, ಕ್ಲಾಸಿಕ್‌ಗಳಲ್ಲಿ ಅಡ್ಜಸ್ಟರ್ ಬೋಲ್ಟ್ ಬದಲು ಬಸವನ ಹುಳದ ಚಿಪ್ಪಿನಾಕಾರದ ತಿರುಗುಬಿಲ್ಲೆ ಇರುತ್ತದೆ. ಅದರ ಕಚ್ಚುಗಳನ್ನು ಎಣಿಸಿ ಎರಡೂ ಬದಿ ಒಂದೇ ಕಚ್ಚಿಗೆ ನಿಲ್ಲಿಸಿದರೆ ಆಯಿತು.

ಟೈಟ್ ಮಾಡಲು ಹೋಗಿ ಅತಿಯಾಯಿತು ಅಂದರೆ ಅಡ್ಜಸ್ಟರ್ ಬಿಟ್ಟ ಮಾತ್ರಕ್ಕೆ ಚಕ್ರ ತಾನಾಗಿ ಮುಂದೆ ಬರುವುದಿಲ್ಲ. ಟೈರನ್ನು ಹಿಂದಿನಿಂದ ಅಂಗಾಲಿನಲ್ಲಿ ಒತ್ತಿ ಮುಂದೆ ತಳ್ಳಬೇಕು. ಇಲ್ಲೇ ಒಂದು ಮೋಸ ಅಡಗಿರುತ್ತದೆ. ಅಡ್ಜಸ್ಟರ್ ಮತ್ತು ಆಕ್ಸಲ್ ನಡುವೆ ಸಣ್ಣ ಸಂದು ಉಳಿದಿರುವಾಗಲೇ ನಟ್ ಬಿಗಿದರೆ, ಮೊದಲ ಸಲ ಜೋರಾಗಿ ಎಕ್ಸಲರೇಟರ್ ಕೊಟ್ಟಾಗ ಚಕ್ರ ಆ ಸಂದಿನಷ್ಟು ಮುಂದೆ ಬರಬಹುದು. ಇದು ಆಗದಿರಲು ನಟ್ ಬಿಗಿಯುವ ಮೊದಲು ಹಳೆ ಬಟ್ಟೆಯನ್ನು ದಪ್ಪಗೆ ಮಡಿಸಿ, ಕೆಳಗಿನ ಚೈನ್ ಹಿಂದಿನ ಸ್ಪ್ರಾಕೆಟ್ ಸೇರುವ ಬಾಯಲ್ಲಿ ಇಡಿ. ಕೈಯನ್ನು ಪೂರ್ತಿ ಈಚೆಗೆ ತೆಗೆದ ಮೇಲೆ ಟೈರ್ ಹಿಡಿದು ಚಕ್ರವನ್ನು ಮುಂದಕ್ಕೆ ತಿರುಗಿಸಿ. ಬಟ್ಟೆ ಸಿಕ್ಕಿಕೊಂಡು ಚೈನ್ ಬಿಗಿಯುತ್ತದೆ, ಆಕ್ಸಲ್ ಮುಂದೆ ಎಳೆದುಕೊಂಡು ಅಡ್ಜಸ್ಟರ್‌ಗೆ ಆತು ಕೂರುತ್ತದೆ. ಆಗ ನಟ್ ಬಿಗಿಯಿರಿ, ಆಮೇಲೆ ಚಕ್ರ ಹಿಂದಕ್ಕೆ ತಿರುಗಿಸಿ ಬಟ್ಟೆ ತೆಗೆಯಿರಿ.

ಚಕ್ರ ನೇರ ಇದೆಯೇ ಎಂದು ನೋಡಲು ಸ್ವಿಂಗ್ ಆರ್ಮ್ ಮೇಲಿನ ಗೆರೆಗಳನ್ನೇ ಪೂರ್ತಿ ನಂಬಬೇಡಿ. ಒಮ್ಮೆ ಬಿದ್ದೆದ್ದ ಗಾಡಿಯಲ್ಲಂತೂ ಅವು ಎರಡೂ ಬದಿ ಒಂದೇ ಇರುತ್ತವೆ ಎನ್ನಲಾಗದು. ಎರಡೂ ಬದಿಯಲ್ಲಿ ಸ್ವಿಂಗ್ ಆರ್ಮ್ ಪಿನ್ನಿನ ನಡುವಿನಿಂದ ಆಕ್ಸಲ್ ನಡುವಿಗೆ ಟೇಪ್ ಹಿಡಿದು ಅಳೆಯಿರಿ. ಆಮೇಲೆ ಹಿಂದೆ ಕುಕ್ಕರಗಾಲಲ್ಲಿ ಕೂತು, ಚೈನ್ ತೆರೆದಿರುವ ಗಾಡಿ ಆದರೆ, ಮೇಲಿನ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡಿ. ಸ್ಪ್ರಾಕೆಟ್ ಬಿಟ್ಟ ಕೂಡಲೇ ಚೈನ್ ಪಕ್ಕಕ್ಕೆ ಬಾಗಿದಂತೆ ಕಂಡರೆ ಚಕ್ರ ಓರೆ ಇದೆ. ಸ್ಪ್ರಾಕೆಟ್ ಹಲ್ಲಿನ ಒಂದೇ ಪಕ್ಕ ಹೊಳೆಯುತ್ತಿದ್ದರೂ ಅದೇ ಅರ್ಥ.

ಬಿಗಿಯುವಾಗ ಸ್ಲೀವ್ ನಟ್, ಆಕ್ಸಲ್ ನಟ್, ಆಮೇಲೆ ಅಡ್ಜಸ್ಟರ್ ಲಾಕ್ ನಟ್, ಕೊನೆಗೆ ಟಾರ್ಕ್ ಆರ್ಮ್. ಈಗ ಮತ್ತೊಮ್ಮೆ ಚೈನ್ ಅಳೆಯಿರಿ. ನಟ್ ಬಿಗಿದಾಗ ಅಳತೆ ಸ್ವಲ್ಪ ಬದಲಾಗಿರುತ್ತದೆ, ಬೇಕಾದರೆ ಪಂದ್ಯ ಕಟ್ಟಿ.

ಬ್ರೇಕ್ ಮರೆಯಬೇಡಿ. ಚಕ್ರ ಹಿಂದೆ ಹೋದಾಗ ಬ್ರೇಕ್ ರಾಡ್ ಎಳೆದುಕೊಂಡು ಬ್ರೇಕ್ ಹಿಡಿದೇ ಇರುವ ಸಾಧ್ಯತೆ ಇದೆ. ಪೆಡಲ್ ಆಟವನ್ನು ಕೈಪಿಡಿಯ ಅಳತೆಗೆ ತನ್ನಿ, ಚಕ್ರ ಸರಾಗ ತಿರುಗುತ್ತಿದೆಯೇ ನೋಡಿ, ಬ್ರೇಕ್ ಲೈಟ್ ಸರಿಯಾದ ಹೊತ್ತಿಗೆ ಹತ್ತುತ್ತಿದೆಯೇ ನೋಡಿ.

ಯಾವ ನಟ್‌ಗೆ ಯಾವ ಲಾಕ್

ಸ್ಪ್ರಿಂಗ್ ವಾಷರ್ ಮೇಲೆ ನಮ್ಮ ಜನಕ್ಕಿರುವ ನಂಬಿಕೆ ದೊಡ್ಡದು. 1990ರಲ್ಲಿ ನಾಸಾ ಹೊರತಂದ ಬೋಲ್ಟುಗಳ ವಿನ್ಯಾಸ ಕೈಪಿಡಿ ಇದನ್ನು ಮುಲಾಜಿಲ್ಲದೆ ತಳ್ಳಿಹಾಕಿದೆ. ಬೋಲ್ಟ್ ಪೂರ್ತಿ ಬಿಗಿದಾಗ ಆ ವಾಷರ್ ಚಪ್ಪಟೆಯಾಗಿ ಸಾದಾ ವಾಷರ್‌ನಂತೆಯೇ ಆಗುತ್ತದೆ, ಲಾಕ್ ಮಾಡುವ ಗುಣ ಉಳಿಯುವುದಿಲ್ಲ ಎನ್ನುತ್ತದೆ ಅದು. ಕಂಪನಿ ಕೊಟ್ಟ ಕಡೆ ಇರಲಿ. ಆದರೆ ಲೂಸ್ ಆಗುವ ನಟ್‌ಗೆ ಇನ್ನೊಂದು ಸ್ಪ್ರಿಂಗ್ ವಾಷರ್ ಸೇರಿಸುವುದು ಔಷಧಿಯಲ್ಲ.

ಆಕ್ಸಲ್‌ಗೆ ಒಳಗೆ ನೈಲಾನ್ ಬಳೆ ಇರುವ ನಟ್ ಬಂದಿದ್ದರೆ ಅದನ್ನೇ ಬಳಸಿ. ಬಿಚ್ಚಿ ಹಾಕಿ ಬಿಚ್ಚಿ ಹಾಕಿ ನೈಲಾನ್ ಸವೆದು, ಬೆರಳಲ್ಲೇ ಕೊನೆ ತನಕ ತಿರುಗುವಂತಾದರೆ ಎಸೆದು ಹೊಸದು ತನ್ನಿ. ತೂತಿನಲ್ಲಿ ತೂರಿಸಿ ತುದಿ ಮಡಚುವ ಸ್ಪ್ಲಿಟ್ ಪಿನ್ ಇರುವ ಗಾಡಿಯಲ್ಲಿ ಪ್ರತಿ ಸಲವೂ ಹೊಸ ಪಿನ್. ಒಂದು ತಿಳಿದಿರಲಿ, ಪಿನ್ ನಟ್ಟನ್ನು ಟೈಟಾಗಿ ಇಡುವುದಿಲ್ಲ, ಕಳಚಿ ಬೀಳದಂತೆ ತಡೆಯುತ್ತದೆ ಅಷ್ಟೇ. ಟಾರ್ಕ್ ಆರ್ಮ್‌ನಲ್ಲಿ ಆ ಪಿನ್ ಇಲ್ಲದಿದ್ದರೆ ಗಾಡಿ ಹೊರಗೆ ತೆಗೆಯಲೇಬೇಡಿ. ಆ ಬೋಲ್ಟ್ ಬಿದ್ದುಹೋದರೆ, ಬ್ರೇಕ್ ಒತ್ತಿದ ಕೂಡಲೇ ಬ್ರೇಕ್ ಪ್ಲೇಟ್ ಚಕ್ರದ ಜೊತೆ ಸುತ್ತಿ ರಾಡನ್ನು ಸುತ್ತಿಕೊಳ್ಳುತ್ತದೆ, ಚಕ್ರ ಜಾಮ್ ಆಗುತ್ತದೆ.

ಹಿಂದಿನ ಸ್ಪ್ರಾಕೆಟ್ ನಟ್‌ಗಳಿಗೆ ಕೆಲವು ಗಾಡಿಗಳಲ್ಲಿ ಮಡಚುವ ಲಾಕ್ ಪ್ಲೇಟ್ ಇರುತ್ತದೆ. ಒಮ್ಮೆ ಮಡಚಿ ಬಿಡಿಸಿದ್ದನ್ನು ಮತ್ತೆ ಮಡಚಿದರೆ ಬುಡದಲ್ಲಿ ಸೀಳುತ್ತದೆ. ಲಾಕ್ ಪ್ಲೇಟ್ ಇಲ್ಲದ ಕಡೆ, ಮುಂದಿನ ಸ್ಪ್ರಾಕೆಟ್ ಹಿಡಿಯುವ ಪುಟ್ಟ ಬೋಲ್ಟುಗಳಿಗೆ, ಚೈನ್ ಕವರ್ ಬೋಲ್ಟುಗಳಿಗೆ ಥ್ರೆಡ್ ಲಾಕ್ ಅಂಟು ಒಳ್ಳೆಯದು. ನೀಲಿ ಬಣ್ಣದ್ದು, ಮಧ್ಯಮ ಬಲದ್ದು ಕೇಳಿ. ಲಾಕ್‌ಟೈಟ್ 243 ಆ ಜಾತಿಯದು. ಕೆಂಪು ಬೇಡ, ಅದನ್ನು ಬಿಚ್ಚಲು ಬೆಂಕಿ ಹಿಡಿಯಬೇಕಾಗುತ್ತದೆ. ಈ ಅಂಟು ಗಾಳಿಯಲ್ಲಿ ಒಣಗುವುದಿಲ್ಲ. ಲೋಹದ ಸಂದಿನಲ್ಲಿ, ಗಾಳಿ ತಾಗದ ಕಡೆ ಗಟ್ಟಿಯಾಗುತ್ತದೆ. ಹಾಗಾಗಿ ಥ್ರೆಡ್ಡನ್ನು ಜಿಡ್ಡಿಲ್ಲದಂತೆ ಒರೆಸಿ ಒಂದೆರಡು ಹನಿ ಹಾಕಿದರೆ ಸಾಕು, ಸುರಿಯಬೇಡಿ. ಬಿಗಿದ ಮೇಲೆ ಒಂದು ರಾತ್ರಿ ಬಿಡಿ. ಪ್ಲಾಸ್ಟಿಕ್ ಪ್ಯಾನಲ್ ಮೇಲೆ ಬೀಳದಂತೆ ನೋಡಿಕೊಳ್ಳಿ, ಕೆಲವು ಪ್ಲಾಸ್ಟಿಕ್ ಅದಕ್ಕೆ ಸೀಳು ಬಿಡುತ್ತದೆ. ಆಕ್ಸಲ್ ನಟ್‌ಗೆ ನಾನು ಇದನ್ನು ಹಾಕುವುದಿಲ್ಲ. ಪಂಕ್ಚರ್ ಆದಾಗ ದಾರಿ ಬದಿಯಲ್ಲಿ ಬಿಚ್ಚಬೇಕಾದ ನಟ್ ಅದು.

ಚೈನ್ ಲಾಕ್ ಅಂದರೆ ಕೊಂಡಿ ಸೇರಿಸುವ ಕ್ಲಿಪ್ ಇದ್ದರೆ ಅದರ ಮುಚ್ಚಿದ ತಲೆ ಚೈನ್ ಓಡುವ ದಿಕ್ಕಿಗಿರಬೇಕು, ಬಾಯಿ ಹಿಂದಕ್ಕೆ. ಮೇಲಿನ ಸಾಲಿನಲ್ಲಿ ನೋಡಿದರೆ ತಲೆ ಎಂಜಿನ್ ಕಡೆಗಿರುತ್ತದೆ. ತಿರುವುಮುರುವಾಗಿದ್ದರೆ ಕವರ್‌ಗೋ ಕಲ್ಲಿಗೋ ತಾಗಿ ಕ್ಲಿಪ್ ಹಾರಿಹೋಗಬಹುದು.

ಎಲ್ಲ ಸರಿ ಇದ್ದೂ ಸದ್ದು ಬಂದರೆ

ಎಕ್ಸಲರೇಟರ್ ಬಿಟ್ಟು ಹಿಡಿದಾಗ 'ಧಡ್' ಎಂದು ಜರ್ಕ್ ಹೊಡೆದರೆ ಚೈನ್ ಬಿಟ್ಟು ಹಬ್ ಒಳಗಿನ ಡ್ಯಾಂಪರ್ ರಬ್ಬರ್ ನೋಡಿ. ಗೇರ್ ಹಾಕಿ, ಎಂಜಿನ್ ಆಫ್ ಇರುವಾಗ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಸ್ಪ್ರಾಕೆಟ್ ನಿಂತೇ ಇದ್ದು ಚಕ್ರ ಮಾತ್ರ ಗಡಗಡ ಆಡಿದರೆ ರಬ್ಬರ್ ಸವೆದಿದೆ. ಸ್ಪ್ರಾಕೆಟ್ ಹಿಡಿದು ಪಕ್ಕಕ್ಕೆ ಆಡಿಸಿದಾಗ ಆಟ ಕಂಡರೆ ಅಲ್ಲಿನ ಬೇರಿಂಗ್ ಹೋಗಿದೆ. ಅಂಥ ಗಾಡಿಯಲ್ಲಿ ಚೈನ್ ಅಳತೆ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಒಂದೇ ಲಯದಲ್ಲಿ 'ಟಕ್ ಟಕ್' ಬಂದರೆ ಯಾವುದೋ ಕೊಂಡಿ ಮಡಚಿದ ಹಾಗೇ ಗಟ್ಟಿಯಾಗಿದೆ. ಸೀಮೆಎಣ್ಣೆಯಲ್ಲಿ ತೊಳೆದು 90 ನಂಬರ್ ಗೇರ್ ಆಯಿಲ್ ಹಾಕಿ ಬೆರಳಿನಿಂದ ಮಡಚಿ ಬಿಚ್ಚಿ ನೋಡಿ. ಬಿಡದಿದ್ದರೆ ಚೈನ್ ಬದಲಿಸಿ. ಕೊಂಡಿಗಳಲ್ಲಿ ರಬ್ಬರ್ ಬಳೆ ಇರುವ ಓ-ರಿಂಗ್ ಚೈನ್ ಆದರೆ ಪೆಟ್ರೋಲ್ ತಾಗಿಸಬೇಡಿ, ರಬ್ಬರ್ ಹಾಳಾಗುತ್ತದೆ. ಮಳೆಯಲ್ಲಿ ಓಡಿಸಿ ಬಂದ ಮೇಲೆ, ಇಲ್ಲವೇ 500 ಕಿಲೋಮೀಟರ್‌ಗೊಮ್ಮೆ ಎಣ್ಣೆ ಕಾಣಿಸಿ.

ಕೆಲಸ ಮುಗಿದ ಮೇಲೆ ಹಳೆ ಗುರುತು ಅಳಿಸಿ ಹೊಸ ಗೆರೆ ಎಳೆಯಿರಿ. ಮೊದಲ 50 ಕಿಲೋಮೀಟರ್ ಆದಮೇಲೆ ಒಮ್ಮೆ ನೋಡಿ, ಆಮೇಲೆ ಎಣ್ಣೆ ಹಾಕುವಾಗಲೆಲ್ಲ ನೋಡಿದರೆ ಸಾಕು. ಪಂಕ್ಚರ್ ಹಾಕಿಸಿದ ದಿನ ಮಾತ್ರ ಅಂಗಡಿ ಮುಂದೆಯೇ ನೋಡಿಕೊಂಡು ಹೊರಡಿ. ಸ್ಪ್ಯಾನರ್ ಕೈಯಲ್ಲಿರುವ ಮನುಷ್ಯ ಎದುರಿಗೇ ಇರುತ್ತಾನೆ.